ಹಬ್ಬದ ನೆನಪೂ ರಸವೂ

ಬಾಲ್ಯದಲ್ಲಿ ನೆರೆಹೊರೆಯ ಗೆಳೆಯರೊಡನೆ ಆಚರಿಸಿದ ಹಬ್ಬವನ್ನು ನೆನೆದು ಬರೆದ ಪ್ರಬಂಧಗಳು ಶರತ್ಕಾಲವು ಬಂದೊಡನೆ ನಮ್ಮ ಮಾಸಪತ್ರಿಕೆಗಳಲ್ಲಿ ಹೇರಳವಾಗಿ ಕಾಣಿಸಿಕೊಳ್ಳುತ್ತವೆ. ಓದುವಾಗ ಹಿತವಾಗಿಯೇ ಇರುವ ಈ ಬರಹಗಳು ಓದಿ ಮುಗಿಸಿದ ಬಳಿಕ ಮನಸ್ಸಿನಲ್ಲಿ ನಿಲ್ಲುವುದಿಲ್ಲವೇಕೆ ಎಂಬುದನ್ನು ಸ್ವಲ್ಪ ವಿಚಾರಮಾಡುವುದು ಯುಕ್ತವೆಂದು ತೋರುತ್ತದೆ. ಹೊಸ ಬಟ್ಟೆ, ಎಣ್ಣೆಸ್ನಾನ, ಕಡುಬು, ಗೆಳೆಯರ ಗುಂಪು, ಕಡೆಗೆ ಆ ದಿನಗಳು ಮರಳಿ ಬಾರವೆಂಬ ನಿಟ್ಟುಸಿರು; ಇಷ್ಟೇ. ಲೇಖಕರ ಹೆಸರುಗಳನ್ನು ಅದಲುಬದಲು ಮಾಡಿದರೂ ಪ್ರಬಂಧಕ್ಕೆ ಯಾವ ಬಾಧೆಯೂ ತಟ್ಟದು.

ನಮ್ಮ ಆಲಂಕಾರಿಕರು ಸ್ಮೃತಿಯನ್ನು 33 ವ್ಯಭಿಚಾರಿಭಾವಗಳಲ್ಲಿ ಒಂದಾಗಿ ಎಣಿಸಿದರೇ ಹೊರತು ಸ್ಥಾಯಿಯೆನ್ನಲಿಲ್ಲ. ನೆನಪು ಬಂದು ಹೋಗುವಂಥದು. ಬೇರೊಂದು ನಿಲುವ ಭಾವವನ್ನು ಆಶ್ರಯಿಸಿದ ಹೊರತು ಅದಕ್ಕೆ ಬಾಳಿಕೆಯಿಲ್ಲ. ಮಮ್ಮಟನು ಕಾವ್ಯಪ್ರಕಾಶದಲ್ಲಿ ರಸದೋಷಗಳನ್ನು ನಿರೂಪಿಸುವಾಗ, ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮೊದಲಲ್ಲಿಯೇ ಎತ್ತಿಕೊಂಡಿದ್ದಾನೆ. ಆನಂದವೋ ಆನಂದವೆಂದು ಬರೆದ ಮಾತ್ರಕ್ಕೆ ವಾಚಕನಿಗೆ ಆನಂದವಾಗದು. ಅದಕ್ಕೆ ಕಾರಣವಾದುದನ್ನು ಆತನ ಕಣ್ಣೆದುರಿಗೆ ತಂದಿರಿಸಬೇಕು.

ಇದಕ್ಕೆ ನಾನು ಬಲ್ಲ ನಿದರ್ಶನವೊಂದನ್ನು ಕೊಡುವೆನು. ಕುಂದಾಪುರದ ಸೀಮೆಯಲ್ಲಿ ನವರಾತ್ರಿಯ ದಿನಗಳಲ್ಲಿ ಹುಡುಗರು ಮನೆಮನೆಗೆ ಹೂವಿನಕೋಲು ಒಯ್ಯುವ ವಾಡಿಕೆಯುಂಟು. ಹಿಂದೆ ಐಗಳ ಮಠದ ವಿದ್ಯಾರ್ಥಿಗಳು ಗುರುವಿನೊಡನೆ ಹೊರಡುತ್ತಿದ್ದರು. ಬಂದ ಕಾಣಿಕೆಯೇ ಗುರುವಿಗೆ ಸಲ್ಲುವ ದಕ್ಷಿಣೆ. ಆ ಮಠಗಳು ಹೋದ ಮೇಲೆ ಯಕ್ಷಗಾನ ಬಲ್ಲವರು ಅದನ್ನು ಕೆಲವು ಊರುಗಳಲ್ಲಿ ಉಳಿಸಿಕೊಂಡು ಬಂದರು. ಇಬ್ಬರು ಹುಡುಗರು ಸಿಂಗರಿಸಿದ ಕೋಲುಗಳನ್ನು ಹಿಡಿದು ಎದುರುಬದುರಾಗಿ ಕುಳಿತು, ಮನೆಯವರಿಗೆ ಶುಭವನ್ನು ಕೋರುವ ಚೌಪದಿಯನ್ನು ಹಾಡುವರು. ಆಮೇಲೆ ಭಾಗವತನ ಪದವನ್ನೂ ಮದ್ದಳೆಯ ಪೆಟ್ಟನ್ನೂ ಅನುಸರಿಸಿ ಪ್ರಸಂಗದ ಒಂದು ತುಣುಕಿಗೆ ಅರ್ಥ ಹೇಳುವರು. ಮನೆಯಲ್ಲಿ ಕುಂದಗನ್ನಡವನ್ನಲ್ಲದೆ ಬೇರೆಯದನ್ನು ಆಡದ ಹತ್ತು ವರುಷದ ಹುಡುಗನು ಅರ್ಜುನನಾಗಿ ಕೃಷ್ಣನೆದುರಿಗೆ ವಾದಿಸಬೇಕು! ನನ್ನ ನಾಲಗೆಗೆ ಗ್ರಾಂಥಿಕ ಕನ್ನಡವು ಮೊದಲು ಒಲಿದುದು ಪಾಠಶಾಲೆಯಲ್ಲಲ್ಲ, ನೆರೆಮನೆಗಳ ಜಗಲಿಗಳಲ್ಲಿ.

ಕೆಲವು ವರುಷಗಳ ಹಿಂದೆ ನಾನೂ ಇದನ್ನು ಕುರಿತು ಬರೆದಿದ್ದೆನು. ಕೇರಿಯ ಮಕ್ಕಳೆಲ್ಲರೂ ಒಂದಾಗಿ ಹೊರಡುತ್ತಿದ್ದೆವು ಎಂಬ ಅದರ ವಾಕ್ಯವು ಓದಿದವರ ಮೆಚ್ಚಿಕೆಯನ್ನೂ ಪಡೆಯಿತು. ಆ ವಾಕ್ಯವು ಸುಳ್ಳು. ವರುಷದ ಉಳಿದ ದಿನಗಳಲ್ಲಿ ಗದ್ದೆಯ ಅಂಚಿನಲ್ಲಿ ನಮ್ಮೊಡನೆ ಆಡುತ್ತಿದ್ದ ಗೆಳೆಯನೊಬ್ಬನಿದ್ದನು. ನಾವು ಅಭ್ಯಾಸಮಾಡುವಾಗ ಬೇಲಿಯ ಹೊರಗೆ ನಿಂತು ಕೇಳಿಯೇ ಕೃಷ್ಣನ ಮಾತನ್ನೂ ಅರ್ಜುನನ ಮಾತನ್ನೂ ಕಲಿತಿದ್ದನು. ನಾನು ಮರೆತುದನ್ನು ಎಷ್ಟೋ ಸಲ ಆತನೇ ಎತ್ತಿಕೊಟ್ಟಿದ್ದನು. ಆದರೆ ನಾವು ಏರುತ್ತಿದ್ದ ಜಗಲಿಗಳನ್ನು ಆತನು ಏರುವಂತಿರಲಿಲ್ಲ; ಕಾರಣವು ಆತನ ಜಾತಿ. ಸಂವಿಧಾನವು ಅಸ್ಪೃಶ್ಯತೆಯನ್ನು 1950ರಲ್ಲಿಯೇ ರದ್ದುಮಾಡಿತ್ತು, 1955ರಲ್ಲಿ ಕಾಯಿದೆಯೂ ಬಂದಿತ್ತು. ಜಗಲಿಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ನಾವು ಹಿಂದಿರುಗಿ ಅಕ್ಕಿ, ತೆಂಗಿನಕಾಯಿಗಳ ಪಾಲಿಗಾಗಿ ಜಗಳವಾಡುತ್ತಿರುವಾಗ ಆತನು ಕೇಳುತ್ತಿದ್ದುದು ಒಂದೇ ಮಾತು: "ಅರ್ಥ ಎಲ್ಲಿಯೂ ತಪ್ಪಲಿಲ್ಲವಷ್ಟೆ?"

ಇದನ್ನು ಬಿಟ್ಟು ಬರೆದುದು ಸತ್ಯಕ್ಕೆ ಅಪಚಾರವೆಂಬುದನ್ನು ಯಾರೂ ಒಪ್ಪುವರು. ಅದು ರಸಕ್ಕೂ ಅಪಚಾರವೆಂಬುದೇ ನಾನು ಹೇಳತಕ್ಕುದು. ಒಬ್ಬನ ಅನುಭವವು ಸಹೃದಯರೆಲ್ಲರದೂ ಆಗುವುದನ್ನು ಅಭಿನವಗುಪ್ತನೇ ಮೊದಲಾದವರು ಸಾಧಾರಣೀಕರಣವೆಂದು ಕರೆದರು. 'ನಾವೆಲ್ಲರೂ' ಎಂದು ಬರೆದೊಡನೆ ಅದು ಸಿದ್ಧಿಸಿತೆಂದು ನಮ್ಮ ಪ್ರಬಂಧಕಾರರು ಭಾವಿಸುತ್ತಾರೆ. ಬೇಲಿಯ ಹೊರಗೆ ನಿಂತಿದ್ದವನು ಅದನ್ನು ಓದಿದನಾದರೆ ಆ ಪದದಲ್ಲಿಯೇ ರಸಭಂಗವಾಗುವುದಿಲ್ಲವೆ? ಆತನ ಪ್ರಶ್ನೆಯನ್ನು ಸೇರಿಸಿ ಬರೆದಿದ್ದರೆ ನನ್ನ ಪ್ರಬಂಧದಲ್ಲಿ ನೆನಪಿಗೆ ನಿಲ್ಲಲು ನೆಲೆಯಿರುತ್ತಿತ್ತು, ನಿಟ್ಟುಸಿರಿಗೂ ಅರ್ಥವಿರುತ್ತಿತ್ತು.

ಹಾಗೆಂದು ಹಬ್ಬವನ್ನು ಹಳಿಯಬೇಕೆಂದು ನಾನು ಹೇಳುವವನಲ್ಲ. ಹೂವಿನಕೋಲಿನ ಸೊಗಸು ನನಗೆ ಇಂದಿಗೂ ಸೊಗಸೇ. ಅದಕ್ಕೆ ಮರುಜೀವವನ್ನು ಕೊಡುತ್ತಿರುವ ಕಲಾಸಕ್ತರು ಸ್ತುತ್ಯರು. ಬರೆಯುವವರಲ್ಲಿ ನನ್ನ ಬಿನ್ನಹವಿಷ್ಟೆ: ಗುಂಪಿನಲ್ಲಿ ಯಾರು ಯಾರು ಇದ್ದರೆಂದು ಬರೆದಾದ ಮೇಲೆ, ಯಾರು ಇರಲಿಲ್ಲವೆಂಬುದನ್ನೂ ಒಮ್ಮೆ ನೆನೆಯಲಿ. ನನ್ನ ಹಳೆಯ ವಾಕ್ಯವನ್ನು ಇಲ್ಲಿ ಹೀಗೆ ತಿದ್ದಿಕೊಳ್ಳುತ್ತೇನೆ: ನಾವು ನಾಲ್ವರು ಹೊರಡುತ್ತಿದ್ದೆವು, ನಮ್ಮೆಲ್ಲರಿಗಿಂತಲೂ ಚೆನ್ನಾಗಿ ಅರ್ಥ ಬಲ್ಲವನು ಬೇಲಿಯ ಬಳಿ ಉಳಿಯುತ್ತಿದ್ದನು.