ಪ್ರೇಕ್ಷಾಗೃಹದ ಅಳತೆ

ಕನ್ನಡ ಚಲಚ್ಚಿತ್ರದ ಚರಿತ್ರೆಯನ್ನು ಬರೆಯುವವರು ಚಿತ್ರಗಳನ್ನೆಣಿಸುತ್ತಾರೆ, ನಟರನ್ನು ಕೊಂಡಾಡುತ್ತಾರೆ. ಚಿತ್ರವನ್ನು ತೋರಿಸಿದ ಮನೆಯ ಮಾತನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. 1934ರ ಮಾರ್ಚಿ ತಿಂಗಳಿನಲ್ಲಿ ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ಪ್ರದರ್ಶಿತವಾಯಿತು. ವೈ. ವಿ. ರಾಯರು ಕೊಲ್ಹಾಪುರದಲ್ಲಿ ಅದನ್ನು ನಿರ್ದೇಶಿಸಿದರು. ಸುಬ್ಬಯ್ಯನಾಯುಡುಗಳು ಇಂದ್ರಜಿತುವೂ ನಾಗೇಂದ್ರರಾಯರು ರಾವಣನೂ ಆದರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಮಾತನ್ನೂ ಹಾಡನ್ನೂ ರಚಿಸಿದರು. ಇಷ್ಟನ್ನೂ ಎಲ್ಲರೂ ಬಲ್ಲರು. ಚಿತ್ರದ ಪ್ರತಿ ಮಾತ್ರ ಉಳಿದಿಲ್ಲ. ಕೃತಿಯೇ ನಷ್ಟವಾದಮೇಲೆ ಪ್ರೇಕ್ಷಕನು ಕುಳಿತ ಸ್ಥಳವನ್ನಾದರೂ ವಿಚಾರಿಸಬೇಡವೆ?

ಭರತಮುನಿಯು ಹಾಗೆ ಉಪೇಕ್ಷಿಸಿದವನಲ್ಲ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವೆಲ್ಲ ಮಂಟಪದ ವಿಚಾರವೇ. ವಿಕೃಷ್ಟ, ಚತುರಶ್ರ, ತ್ರ್ಯಶ್ರಗಳೆಂದು ಆಕಾರಗಳನ್ನು ವಿಂಗಡಿಸಿ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲ ಸಾಕೆಂದು ವಿಧಿಸಿದನು. ಮಿಗಿಲಾದರೆ ಮಾತು ವಿಸ್ವರವಾಗುವುದು, ಮುಖದ ಭಾವ ದೂರದವನಿಗೆ ಮಸುಕಾಗುವುದು ಎಂಬುದು ಕಾರಣ.

ನಾಟಕ ಕಂಪನಿಗಳಲ್ಲಿ ಈ ನ್ಯಾಯವೇ ನಡೆಯಿತು: ಹಣವುಳ್ಳವನು ಮುಂದಿನ ಕುರ್ಚಿಯಲ್ಲಿ, ಇಲ್ಲದವನು ಹಿಂದೆ. ತೆರೆಯ ಮೇಲೆ ಮುಖವು ಆಳೆತ್ತರವನ್ನು ಮೀರಿ ಬೆಳೆದೊಡನೆ ಕ್ರಮವು ತಲೆಕೆಳಗಾಯಿತು. ಹತ್ತಿರ ಕುಳಿತರೆ ಕತ್ತುನೋವು. ಆದಕಾರಣ ಸಿರಿವಂತನು ಬಾಲ್ಕನಿಯನ್ನೇರಿದನು, ಕೂಲಿಕಾರನು ತೆರೆಯ ಬುಡಕ್ಕೆ ಬಂದನು. ಕಲೆಗೆ ಅತಿ ಸಮೀಪದ ಸ್ಥಾನವು ಬಡವನಿಗೆ ದೊರೆತುದು ಆಗಲೇ. ಯಾರೂ ಔದಾರ್ಯದಿಂದ ಕೊಟ್ಟುದಲ್ಲ, ಅದು ಬೇರೆ ಮಾತು.

ಸಣ್ಣ ಊರುಗಳ ಟೂರಿಂಗ್ ಟಾಕೀಸಿನಲ್ಲಿ ಇದು ಇನ್ನೂ ಸ್ಪಷ್ಟ. ಊರ ಹೊರಗಿನ ಬಯಲಿನಲ್ಲಿ ಡೇರೆ, ನೆಲದವರಿಗೆ ಮರಳು, ಮುಂದಿನವನ ತಲೆ ಅಡ್ಡವಾದರೆ ಮರಳನ್ನು ಗುಡ್ಡೆಮಾಡಿ ಅದರ ಮೇಲೆ ಕುಳಿತುಕೊಳ್ಳುವುದು. ಘಂಟಸಾಲರ ‘ನಮೋ ವೆಂಕಟೇಶ’ದ ತಟ್ಟೆ ಕೇಳಿಸಿದರೆ ಮನೆಯಲ್ಲಿ ಊಟದ ಅವಸರ. ಯಂತ್ರ ಒಂದೇ ಇದ್ದಲ್ಲಿ ಸುರುಳಿ ಬದಲಾಯಿಸುವಾಗಲೆಲ್ಲ ಕಥೆ ನಿಲ್ಲುವುದು, ದೀಪ ಹತ್ತುವುದು, ಕಡಲೆಕಾಯಿಯವನು ಒಳಬರುವನು. ಇದು ರಸಭಂಗವೆಂದು ವಿದ್ಯಾವಂತರು ಹಳಿದುದುಂಟು. ಆ ತೀರ್ಪು ಆತುರದ್ದು. ಅಂಕಗಳ ನಡುವೆ ವಿರಾಮಕ್ಕೆ ಒಗ್ಗಿದ್ದ ಜನಕ್ಕೆ ಅದು ಭಂಗವಾಗಿರಲಿಲ್ಲ. ಕಂಡುದನ್ನು ನೆರೆಯವನೊಡನೆ ಚರ್ಚಿಸುವ ಸಮಯವಾಗಿತ್ತು. ಧ್ವನಿಯಂತ್ರದ ಒರಟುತನವನ್ನು ಮಾತ್ರ ಸಮರ್ಥಿಸಲಾಗದು.

ಗಾಂಧಿನಗರದ ಕಪಾಲಿಯು 1968ರಲ್ಲಿ ಸಿನೆರಮಾದ ಬಾಗಿದ ತೆರೆಯೊಡನೆ ಭರತನ ಅಳತೆಯನ್ನು ಧಿಕ್ಕರಿಸಿ ನಿಂತಿತು, 2017ರಲ್ಲಿ ಮುಚ್ಚಿತು. ಇಂದು ಅನ್ನಪೂರ್ಣೇಶ್ವರಿ ನಗರದ ಗೃಹಸ್ಥನು ಚಿತ್ರಕ್ಕೆಂದು ಹೊರಟರೆ ಸಾಮಾನ್ಯವಾಗಿ ಸೇರುವುದು ಮಾಲಿನ ಪುಟ್ಟ ಕೋಣೆಯನ್ನು. ಅಳತೆಯೇನೋ ಮುನಿಗೆ ಒಪ್ಪುವಂತಹುದೇ. ಮಾತು ಸ್ಫುಟ, ಆಸನ ಮೃದು. ಮುಂದಿನ ಸಾಲುಗಳು ಅನೇಕ ದಿನ ಬರಿದಾಗಿರುತ್ತವೆ. ಅಲ್ಲಿ ಕುಳಿತುಕೊಳ್ಳುತ್ತಿದ್ದವನು ಬಾಗಿಲಿನ ದರವನ್ನು ಓದಿ ಹಿಂದಿರುಗಿದ್ದಾನೆ.