ನಿಷ್ಪತನವೂ ಹೀನತ್ವವೂ: ಮಿತಾಕ್ಷರೆಯ ಒಂದು ಸ್ಥಲದ ವಿಮರ್ಶೆ

ವಿಚಾರಣೆಯ ನಡುವೆ ಸಭೆಯನ್ನು ಬಿಟ್ಟು ಹೋದವನು ವ್ಯವಹಾರದಲ್ಲಿ ಸೋತನೆಂಬುದೇ ನಮ್ಮ ಧರ್ಮಶಾಸ್ತ್ರಗಳ ಮತವೆಂದು ಪಾಠ ಹೇಳುವ ವಾಡಿಕೆಯುಂಟು. ನಾರದನು ಎಣಿಸಿದ ಐದು ಬಗೆಯ ಹೀನರೆಂದರೆ, ಮಾತು ಬದಲಿಸುವವನು, ಸಾಧನಗಳನ್ನು ಒಲ್ಲದವನು, ಹಾಜರಾಗದವನು, ಉತ್ತರ ಕೊಡದವನು, ಕರೆಸಿದ ಮೇಲೆ ಪಲಾಯನ ಮಾಡುವವನು. ಇವರಲ್ಲಿ ಕೊನೆಯವನನ್ನು ಎತ್ತಿ ತೋರಿಸಿದರೆ ಪಾಠ ಮುಗಿಯಿತು. ನಾವೂ ಕೆಲವು ಕಾಲ ಹೀಗೆಯೇ ಬೋಧಿಸಿದೆವು. ಮಿತಾಕ್ಷರೆಯನ್ನು ನಿಧಾನವಾಗಿ ಓದಿದ ಮೇಲೆ ಈ ಮಾತು ನಿಲ್ಲುವಂತೆ ತೋರುವುದಿಲ್ಲ.

ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಮೂವರನ್ನು ಒಟ್ಟಿಗೆ ಹೇಳಿದ್ದಾನೆ: ಸಂದಿಗ್ಧವಾದ ಸೊತ್ತನ್ನು ಸ್ವಂತ ಬಲದಿಂದ ಸಾಧಿಸಹೊರಟವನು, ತಪ್ಪಿಸಿಕೊಂಡು ಹೋಗುವವನು, ಕರೆಸಿದರೂ ಏನನ್ನೂ ನುಡಿಯದವನು. ಇವರು ‘ಹೀನ’ರು, ‘ದಂಡ್ಯ’ರು ಕೂಡ. ತಪ್ಪಿಸಿಕೊಂಡು ಹೋಗುವುದಾದರೂ ಯಾವಾಗ? ತಾನೇ ಒಪ್ಪಿಕೊಂಡ ಅಥವಾ ಸಾಧನಗಳಿಂದ ರುಜುವಾತಾದ ಹಣವನ್ನು ಕೇಳಿದಾಗ ಓಡಿಹೋಗುವುದು ಎಂದು ವಿಜ್ಞಾನೇಶ್ವರನು ಅರ್ಥ ಹೇಳುತ್ತಾನೆ. ಎಂದರೆ ಸೋಲಿಗೆ ಆಧಾರವಾದದ್ದು ಓಟಕ್ಕೆ ಮೊದಲೇ ಸಿದ್ಧವಾಗಿತ್ತು. ಹಾಗಾದರೆ ‘ಹೀನ’, ‘ದಂಡ್ಯ’ ಎಂದು ಎರಡು ಶಬ್ದಗಳೇಕೆ? ಪಶು, ಭೂಮಿ, ಸಾಲ ಮುಂತಾದ ವ್ಯಾಜ್ಯಗಳಲ್ಲಿ ತಪ್ಪು ನಡೆದವನು ದಂಡನೆಗೆ ಪಾತ್ರನಾದರೂ ಸೊತ್ತನ್ನು ಕಳೆದುಕೊಳ್ಳನೆಂದು ನಾರದನು ಬೇರೆಡೆ ವಿಧಿಸಿದ್ದಾನೆ. ಆ ರಿಯಾಯಿತಿ ಇಲ್ಲಿಗೂ ಬಾರದಿರಲೆಂದೇ ‘ಹೀನ’ ಎಂಬ ಶಬ್ದವನ್ನು ಸೇರಿಸಿದೆಯೆಂಬುದು ವ್ಯಾಖ್ಯಾನಕಾರನ ಸಮಾಧಾನ. ದಂಡವೂ ಸೋಲೂ ಒಂದೇ ಆಗಿದ್ದ ಪಕ್ಷದಲ್ಲಿ ಈ ಸಮಾಧಾನದ ಅಗತ್ಯವೇ ಇರುತ್ತಿರಲಿಲ್ಲ. ಸಭೆಯ ಮರ್ಯಾದೆಯನ್ನು ಮೀರಿದ್ದು ಒಂದು ಅಪರಾಧ, ಹೊಲ ಯಾರದೆಂಬುದು ಇನ್ನೊಂದು ಪ್ರಶ್ನೆ.

ಇತರ ಸ್ಮೃತಿಕಾರರ ಮಾತೂ ಇದಕ್ಕೆ ಹೊಂದುತ್ತದೆ. ಕಾತ್ಯಾಯನನು ಐವರು ಹೀನರಿಗೂ ಬೇರೆಬೇರೆ ದಂಡ ವಿಧಿಸಿ, ಮಾತು ಬದಲಿಸುವವನಿಗೆ 5 ಪಣ, ಪಲಾಯನ ಮಾಡಿದವನಿಗೆ 20 ಪಣ ಎಂದಿದ್ದಾನೆ. ಬೃಹಸ್ಪತಿಯಾದರೋ ಪಲಾಯನ ಮಾಡಿದವನು ಮೂರು ಪಕ್ಷಗಳು ಕಳೆದ ಮೇಲೆಯೇ ಸೋಲುತ್ತಾನೆ ಎನ್ನುತ್ತಾನೆ. ಸುಮಾರು 45 ದಿನಗಳ ಈ ಕಾಯುವಿಕೆಯನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಬಿಟ್ಟಿವೆಯೋ ತಿಳಿಯದು. ಆಸೇಧದ, ಎಂದರೆ ಎದುರಾಳಿಯನ್ನು ಎಲ್ಲಿಯೂ ಹೋಗದಂತೆ ತಡೆಯುವ ವಿಧಿಯ ಪ್ರಕರಣದಲ್ಲಿ, ಬಿತ್ತನೆಯ ಕಾಲದ ರೈತನನ್ನೂ ದನ ಮೇಯಿಸುತ್ತಿರುವ ಗೋಪಾಲಕನನ್ನೂ ತಡೆಯಕೂಡದೆಂದಿದೆ. ಹೊಳೆಯನ್ನೋ ಕಾಡನ್ನೋ ದಾಟುತ್ತಿರುವವನು ತಡೆಯನ್ನು ಮೀರಿದರೂ ಅಪರಾಧಿಯಲ್ಲ.

ಆದರೂ ವಿಜ್ಞಾನೇಶ್ವರನನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಸಭೆಯಲ್ಲಿ ಮೌನವಾಗಿ ನಿಂತವನನ್ನು ಓಡಿಹೋದವನ ಸಾಲಿನಲ್ಲಿಯೇ ಅವನು ಉಳಿಸಿದ್ದಾನೆ. ಮೌನಕ್ಕೆ ಮುಂಚೆ ಯಾವುದೂ ರುಜುವಾತಾಗಿರಬೇಕಿಲ್ಲ, ಅಂಜಿದವನೂ ಮೌನವಾಗಿರಬಹುದು. ತಾನೇ ಮಾಡಿದ ಸೂಕ್ಷ್ಮವಾದ ವಿಂಗಡಣೆಯನ್ನು ವ್ಯಾಖ್ಯಾನಕಾರನು ಇಲ್ಲಿ ಕೈಬಿಟ್ಟಂತೆ ಕಾಣುತ್ತದೆ.

ಈ ಗ್ರಂಥವನ್ನು ನಮ್ಮ ಸೀಮೆಯ ಅಂದಿನ ಆಚರಣೆಯೆಂದು ಎಣಿಸುವುದೂ ಸಲ್ಲದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ (1076–1126) ಕೋಲಾರವು ಬಹುಕಾಲ ಚೋಳರ ಕೈಯಲ್ಲಿತ್ತು; ವಿಷ್ಣುವರ್ಧನನ ವಿಜಯಗಳ ತರುವಾಯವೇ ಅದು ಹೊಯ್ಸಳರದಾಯಿತು. ಮುಳಬಾಗಿಲಿನ ನಂಟು ಬೇರೆ ಬಗೆಯದು. ಬುಕ್ಕರಾಯನ ಮಗ ಕುಮಾರಕಂಪಣನು ಅಲ್ಲಿಂದ ಆಳಿದನು. ಅದೇ ಬುಕ್ಕನ ಆಶ್ರಯದಲ್ಲಿ ಮಾಧವಾಚಾರ್ಯರು, ಪರಾಶರಸ್ಮೃತಿಯಲ್ಲಿಲ್ಲದ ವ್ಯವಹಾರಕಾಂಡವನ್ನು ತಮ್ಮ ವ್ಯಾಖ್ಯಾನಕ್ಕೆ ತಾವೇ ಸೇರಿಸಿದರು. ಹಾಗೆಂದು ಗ್ರಂಥದ ಮಾತೆಲ್ಲ ಊರ ಪಂಚಾಯಿತಿಯ ಕಟ್ಟೆಯಲ್ಲಿ ನಡೆಯಿತೆನ್ನಲಾಗದು.

ಇಷ್ಟನ್ನು ಇಲ್ಲಿ ಬರೆಯಲು ಕಾರಣವುಂಟು. ಕೋಲಾರದ ಜಿಲ್ಲಾ ನ್ಯಾಯಾಲಯಕ್ಕಾಗಲಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನ್ಯಾಯಾಲಯಗಳಿಗಾಗಲಿ ನಮ್ಮ ವಿದ್ಯಾರ್ಥಿಗಳ ಮನೆಯವರು ಹೋಗುತ್ತಾರೆ. ಎದ್ದು ಬಂದರೆ ಏನಾಗುವುದೆಂದು ನಮ್ಮನ್ನೇ ಕೇಳುವುದೂ ಉಂಟು. ಸಾಕ್ಷಿಯ ವಿಷಯ ಸ್ಪಷ್ಟ. ಸಮನ್ಸಿನಂತೆ ಬಂದವನು ಹೊರಡತಕ್ಕ ವೇಳೆಗೆ ಮುನ್ನವೇ ಉದ್ದೇಶಪೂರ್ವಕವಾಗಿ ಹೊರಟರೆ ಅಪರಾಧ. 1860ರ ದಂಡ ಸಂಹಿತೆಯ 174ನೆಯ ಕಲಮಿನ ಈ ವಿಧಿಯು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 208ನೆಯ ಕಲಮಿನಲ್ಲಿದೆ. ನ್ಯಾಯಾಲಯದ ಮಟ್ಟಿಗೆ ಆರು ತಿಂಗಳವರೆಗಿನ ಸಾದಾ ಸಜೆ, ಇಲ್ಲವೆ 10,000 ರೂಪಾಯಿಗಳವರೆಗಿನ ಜುಲ್ಮಾನೆ, ಇಲ್ಲವೆ ಎರಡೂ.

ಕಕ್ಷಿಗಾರನ ಪಾಡು ಬೇರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಕೂಗಿಸಿದಾಗ ವಾದಿಯೂ ಅವನ ವಕೀಲರೂ ಇಲ್ಲದೆ ಪ್ರತಿವಾದಿ ಮಾತ್ರ ಇದ್ದು, ಅವನು ದಾವೆಯನ್ನು ಒಪ್ಪದಿದ್ದರೆ ದಾವೆ ವಜಾ ಆಗುತ್ತದೆ. ಪ್ರತಿವಾದಿ ಇಲ್ಲದಿದ್ದರೆ ಏಕಪಕ್ಷೀಯವಾಗಿ ಮುಂದುವರಿಯುತ್ತದೆ. ಮುಂದೂಡಿದ ದಿನ ಬಾರದ ಕಕ್ಷಿಯ ಸಾಕ್ಷ್ಯವು ಬಹುಪಾಲು ದಾಖಲಾಗಿದ್ದರೆ ಅವನು ಹಾಜರಿದ್ದಂತೆಯೇ ನಡೆಸಬಹುದೆಂಬ ವಿವರಣೆಯು 17ನೆಯ ಆದೇಶದಲ್ಲಿದೆ; ವ್ಯಾಜ್ಯ ಯಾವ ಹಂತಕ್ಕೆ ಬಂದಿದೆಯೆಂದು ನೋಡುವ ವಿಜ್ಞಾನೇಶ್ವರನ ದೃಷ್ಟಿಗೆ ಇದು ಹತ್ತಿರ. ಹಿಂದೆ ಹೊಲದ ವ್ಯಾಜ್ಯದಲ್ಲಿ ತಪ್ಪಿದವನು ಪಣ ತೆತ್ತು ಹೊಲವನ್ನು ಉಳಿಸಿಕೊಳ್ಳಬಹುದಿತ್ತು. ಇಂದು ಜುಲ್ಮಾನೆಯಿಲ್ಲದೆಯೇ ದಾವೆಯನ್ನು ಕಳೆದುಕೊಳ್ಳಬಹುದು. ತಕ್ಕ ಕಾರಣವನ್ನು ತೋರಿಸಿ ಅದನ್ನು ಮರಳಿ ಪಡೆಯಲು ಅರ್ಜಿಗೆ 30 ದಿನಗಳ ಅವಧಿಯಿದೆ. ಶ್ರೀನಿವಾಸಪುರದ ತೋಟದವನಿಗೆ ಮಾವು ಕೀಳುವ ಕೆಲಸವು ತಕ್ಕ ಕಾರಣವಾಗುವುದೋ ಇಲ್ಲವೋ ನ್ಯಾಯಾಧೀಶರು ಆಯಾ ಅರ್ಜಿಯಲ್ಲಿ ತೀರ್ಮಾನಿಸಬೇಕು. ಸಂಹಿತೆಯಲ್ಲಿ ಬಿತ್ತನೆಯ ಹೆಸರೂ ಇಲ್ಲ, ಕೊಯ್ಲಿನ ಹೆಸರೂ ಇಲ್ಲ.