ಹಾಳು ಹಂಪಿಯಾಚೆಗಿನ ವಿಜಯನಗರ

ಹಂಪಿಯ ಬಗ್ಗೆ ಬರೆಯಲು ಕೂತವರು ಮೊದಲು ನಿಟ್ಟುಸಿರು ಬಿಡುತ್ತಾರೆ. 1336ರಲ್ಲಿ ಹುಟ್ಟಿದ ರಾಜ್ಯ, ಕೃಷ್ಣದೇವರಾಯನ ವೈಭವ, 1565ರ ರಕ್ಕಸತಂಗಡಿ ಕಾಳಗ, ಆಮೇಲೆ ಕೊಳ್ಳೆ ಮತ್ತು ಬೆಂಕಿ. ಈ ಧಾಟಿಗೆ ಬುನಾದಿ ಹಾಕಿದ್ದು 1900ರಲ್ಲಿ ಪ್ರಕಟವಾದ ರಾಬರ್ಟ್ ಸೀವೆಲ್‌ನ ‘ಎ ಫರ್ಗಾಟನ್ ಎಂಪೈರ್’. ಪೇಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ವರದಿಗಳನ್ನು ಇಂಗ್ಲಿಷಿಗೆ ತಂದ ಆತನ ಉಪಕಾರ ಸಣ್ಣದಲ್ಲ. ಆದರೆ ವಿಜಯನಗರವನ್ನು ಮುಸ್ಲಿಂ ದಾಳಿಗೆ ಅಡ್ಡ ನಿಂತ ಹಿಂದೂ ಕೋಟೆಯೆಂದಷ್ಟೇ ನೋಡುವ ಚೌಕಟ್ಟನ್ನೂ ಆತನೇ ಕೊಟ್ಟ. 1936ರ ಆರುನೂರನೇ ವರ್ಷದ ಉತ್ಸವದ ಹೊತ್ತಿಗೆ ಅದು ನಮ್ಮ ಅಭಿಮಾನದ ಭಾಷೆಯೇ ಆಗಿಹೋಗಿತ್ತು. ಹರಿದು ಹಂಚಿಹೋಗಿದ್ದ ಕನ್ನಡ ನಾಡಿಗೆ ಆಗ ಅಂಥ ನೆನಪು ಬೇಕಿತ್ತು, ನಿಜ. ಆದರೂ ಆ ಚೌಕಟ್ಟಿಗೆ ಹಂಪಿಯ ಕಲ್ಲುಗಳೇ ಒಗ್ಗುವುದಿಲ್ಲ.

ಅಹಮದ್ ಖಾನನ ಮಸೀದಿಯನ್ನೇ ನೋಡಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಈ ಅಧಿಕಾರಿ ಅದನ್ನು ಕಟ್ಟಿಸಿದ್ದು 1439ರಲ್ಲಿ. ಮೇಲೆ ಗುಮ್ಮಟವಿಲ್ಲ, ಮಿನಾರೂ ಇಲ್ಲ. ನಮ್ಮ ಗುಡಿಗಳ ಮುಂದೆ ಕಾಣುವಂಥದೇ ಕಲ್ಲುಕಂಬಗಳ ತೆರೆದ ಮಂಟಪ. ದೊರೆಗೆ ಪುಣ್ಯ ಬರಲೆಂದು ಕಟ್ಟಿಸಿದ ಧರ್ಮಶಾಲೆಯೆಂದು ಅಲ್ಲಿನ ಶಾಸನವೇ ಸಾರುತ್ತದೆ. ಪಕ್ಕದ ಗೋರಿಗೆ ಮಾತ್ರ ಗುಮ್ಮಟವಿದೆ. ಒಂದೇ ಅಂಗಳದಲ್ಲಿ ಎರಡೂ ಶೈಲಿ ಇರುವುದರಿಂದ, ಮಂಟಪದ ರೂಪವನ್ನು ತಿಳಿದೇ ಆರಿಸಿಕೊಂಡರೆಂದು ನನಗೆ ಖಚಿತವಾಗಿ ಅನಿಸುತ್ತದೆ. ಕಮಾನು ಗುಮ್ಮಟಗಳು ಅರಮನೆಯ ಆವರಣಕ್ಕೂ ಬಂದಿವೆ. ಕಮಲ ಮಹಲ್, ಆನೆಲಾಯಗಳೇ ಅದಕ್ಕೆ ಸಾಕ್ಷಿ.

ನಾಶದ ಕಥೆಯೂ ಅಷ್ಟು ಸರಳವಲ್ಲ. ಅರಮನೆಗಳಿಗೆ ತಳ ಕಲ್ಲಿನದು, ಮೇಲಿನ ಕಟ್ಟಡ ಬಹುಮಟ್ಟಿಗೆ ಮರದ್ದು. ಬೆಂಕಿಗೆ ಬಿದ್ದಾಗ ಉಳಿದದ್ದು ಜಗಲಿ ಮಾತ್ರ. ಕಲ್ಲಿನ ಹಜಾರರಾಮ ಗುಡಿ ನಿಂತೇ ಇದೆ, ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತಿದೆ.

ಹಂಪಿಯನ್ನು ನೋಡುವ ದೃಷ್ಟಿ ಬದಲಾದದ್ದು 1980ರ ಸುಮಾರಿಗೆ. ರಾಜ್ಯದ ಪುರಾತತ್ವ ಇಲಾಖೆಯಲ್ಲಿದ್ದ ಎಂ. ಎಸ್. ನಾಗರಾಜರಾವ್, ವಿದೇಶದಿಂದ ಬಂದ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ಮೊದಲಾದವರು ಗುಡಿಗಳ ಆಚೆಗೆ ಕಣ್ಣು ಹಾಯಿಸಿದರು. ದಾರಿ, ದಿಡ್ಡಿ, ಬಾವಿ, ಕಾಲುವೆ, ಕೋಟೆಗೋಡೆ ಎಲ್ಲವನ್ನೂ ಅಳೆದು ನಕ್ಷೆಗೆ ತಂದರು. ಅರಮನೆಯ ಆವರಣದಲ್ಲಿ ಅಗೆತದಿಂದ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿಯನ್ನು ಹತ್ತಿರ ಹೋಗಿ ನೋಡಬೇಕು. ಕಪ್ಪು ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂದು ಸೂಚಿಸುವ ಸಣ್ಣ ಅಕ್ಷರ ಗುರುತುಗಳಿವೆ. ಬೇರೆಡೆ ಕೆತ್ತಿ ತಂದ ಕಲ್ಲುಗಳನ್ನು ಇಲ್ಲಿ ಜೋಡಿಸಿದ ಕಲ್ಲುಕುಟಿಗರ ಲೆಕ್ಕ ಅದು. ಸಾಮ್ರಾಜ್ಯದ ಹಿರಿಮೆಯನ್ನು ಹೊಗಳುವ ನೂರು ಪುಟಗಳಿಗಿಂತ ಆ ಗುರುತುಗಳು ನನಗೆ ಹೆಚ್ಚು ಹೇಳುತ್ತವೆ. ಆ ಕಾಲದ ‘ತುರ್ತು’ ಎಂಬ ಕಾಲುವೆಯಂತೂ ಇವತ್ತಿಗೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿದೆ.

ಈ ಸಮೀಕ್ಷಾ ಪಂಥದ ಮೇಲೂ ನನ್ನದೊಂದು ತಕರಾರಿದೆ. ಅದರ ಫಲ ಬಹುಪಾಲು ಇಂಗ್ಲಿಷ್ ಸಂಪುಟಗಳಲ್ಲೇ ಉಳಿದು, ಕನ್ನಡ ಓದುಗರಿಗೆ ಹಳೆಯ ಶೋಕಗೀತೆಯೇ ಸಿಗುತ್ತಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಲ್ಲಿನ ಶಾಸನಗಳನ್ನು ಪ್ರಕಟಿಸಿದೆ. ಆ ನಕ್ಷೆಗಳೂ ಹಾಗೆಯೇ ಕನ್ನಡಕ್ಕೆ ಬರಬೇಕು. ಹಂಪಿಯನ್ನು ಸತ್ತ ನಗರವೆಂದೇ ನಂಬಿದರೆ ಏನಾಗುತ್ತದೆಂದು 2011ರಲ್ಲಿ ಕಂಡೆವು. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಸ್ಮಾರಕ ರಕ್ಷಣೆಯ ಹೆಸರಿನಲ್ಲಿ ಎಬ್ಬಿಸಲಾಯಿತು. ಆ ಬೀದಿ ಕಟ್ಟಿದ್ದೇ ವ್ಯಾಪಾರಕ್ಕೆ, ಜನಸಂಚಾರಕ್ಕೆ.